ಆರನೇ ಸ್ಥಾನಕ್ಕೆ ಏವ್ರಿಲ್

"ಈ ವಾರ ಒಬ್ಬನನ್ನೂ ಉಳಿಸಲ್ಲ!" ಎಂದು ನೆವಿಲ್ ಎಂಟ್ವಿಸಲ್ ಮಂಗಳವಾರ ಬೆಳಗಿನ ಟೀ ಕುಡಿಯುತ್ತ ಘೋಷಿಸಿದ. "ಹತ್ತನೇ ಹಾಡಿಂದ ಹಿಡಿದು ಒಂದನೇದರವರೆಗೆ ಪ್ರತಿಯೊಬ್ಬನ ಚರ್ಮ ಸುಲಿದು ಹಗ್ಗದ ಮೇಲೆ ಒಣಹಾಕ್ತೀನಿ, ನೋಡ್ತಿರು!"

"ಹಗ್ಗ ಖಾಲಿ ಇಲ್ಲ," ಎಂದಳು ಅವನ ಹೆಂಡತಿ ಏವ್ರಿಲ್. "ಇವತ್ತು ಅಮ್ಮನ ಹಾಸಿಗೆ ಬಟ್ಟೆ ಒಗೀಬೇಕು."

ಜಗತ್ತು ನೆವಿಲ್‌ನ ಪ್ರತಿಜ್ಞೆಗಳನ್ನು ಸ್ವೀಕರಿಸುತ್ತಿದ್ದದ್ದು ಹೀಗೆಯೇ. ವಾರದ ಐದು ದಿನ ಅವನು ಹ್ಯಾಕಲ್‌ಶಾ ಪಟ್ಟಣದ ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತ. ಅಲ್ಲಿ ಅವನ ಮಾತು ಕೇಳುವವರು ನಲ್ಲಿ ಸೋರುತ್ತಿದೆ ಎಂದು ದೂರು ತಂದವರು ಮಾತ್ರ. ಅವರೂ ಪೂರ್ತಿ ಕೇಳುತ್ತಿರಲಿಲ್ಲ. ಆದರೆ ಬುಧವಾರ ಬಂತೆಂದರೆ ಊರಿನ ಸಂಜೆ ಪತ್ರಿಕೆಯಲ್ಲಿ ಅವನು 'ಸೂಜಿ'! ಗ್ರಾಮಫೋನಿನ ಸೂಜಿ, ಚುಚ್ಚುವ ಸೂಜಿ, ಉಬ್ಬಿದವರ ಗಾಳಿ ತೆಗೆಯುವ ಸೂಜಿ! ಇಡೀ ಬ್ರಿಟನ್ನು ಆ ವಾರ ಯಾವ ಹಾಡಿನ ತಟ್ಟೆಯನ್ನು ಹೆಚ್ಚು ಕೊಂಡಿತೋ ಆ ಟಾಪ್ ಟೆನ್ ಪಟ್ಟಿಯನ್ನು ಕೈಗೆತ್ತಿಕೊಂಡು, ಒಂದೊಂದನ್ನೂ ಕೊಂದು, ಅಂಕಣದಲ್ಲಿ ಮಲಗಿಸುವುದು ಅವನ ಕೆಲಸ. ಸಂಗೀತ ಎನ್ನುವುದು ತನಗೆ ಹತ್ತೊಂಬತ್ತು ತುಂಬಿದ ವರ್ಷವೇ ಸತ್ತುಹೋಯಿತು ಎಂದು ನೆವಿಲ್ ನಂಬಿದ್ದ. ಹನ್ನೊಂದು ವರ್ಷಗಳಿಂದ ಪ್ರತಿ ಬುಧವಾರ ಅದರ ತಿಥಿ ಮಾಡುತ್ತ ಬಂದಿದ್ದ.

ಈಗ ಅವನ ತಿಥಿಯೇ ಹತ್ತಿರ ಬಂದಿತ್ತು. ಹಿಂದಿನ ಶುಕ್ರವಾರ ಸಂಪಾದಕ ಶಟಲ್‌ವರ್ತ್ ಅವನನ್ನು ಕರೆಸಿ ಕೂರಿಸಿಕೊಂಡಿದ್ದರು.

"ನೋಡಪ್ಪ ನೆವಿಲ್, ಹುಡುಗರು ನೀನು ಬರೆದದ್ದು ಓದಲ್ಲ. ದೊಡ್ಡವರಿಗೆ ಈ ಹಾಡುಗಳು ಬೇಕಿಲ್ಲ. ಪಾರಿವಾಳದ ಪಂದ್ಯದವರು ಜಾಗ ಕೇಳ್ತಿದಾರೆ. ಒಂದು ಪಾರಿವಾಳದ ಹೆಸರು ತಪ್ಪಾಗಿ ಅಚ್ಚಾದರೆ ನನಗೆ ಒಂದು ಕಟ್ಟು ಕಾಗದ ಬರುತ್ತೆ. ನಿನಗೆ ಯಾವತ್ತಾದರೂ ಒಂದು ಬಂದಿದೆಯಾ?"

"ಎರಡು ವರ್ಷದ ಹಿಂದೆ ಒಂದು ಬಂದಿತ್ತು ಸಾರ್."

"ಅದು ಹೊಲಿಗೆ ಅಂಕಣಕ್ಕೆ ಬಂದದ್ದು. 'ಸೂಜಿ' ಅಂತ ನೋಡಿ ಇಲ್ಲಿನ ಆಫೀಸ್ ಹುಡುಗರು ನಿನಗೆ ಕೊಟ್ಟರು." ಶಟಲ್‌ವರ್ತ್ ನಿಟ್ಟುಸಿರಿಟ್ಟರು. "ಈ ಬುಧವಾರದ ಅಂಕಣಕ್ಕೆ ಒಂದಾದರೂ ಕಾಗದ ಬರಲಿ. ಇಲ್ಲದಿದ್ದರೆ ಪಾರಿವಾಳ."

ಆ ಮಾತು ನೆವಿಲ್‌ನ ಎದೆಗೆ ನಾಟಿತು. ಆ ಅಂಕಣ ಹೋದರೆ ತಾನು ಬರಿಯ ನಲ್ಲಿ ಗುಮಾಸ್ತ! ಊರಲ್ಲಿ ತನ್ನ ಅಭಿಪ್ರಾಯಕ್ಕೆ ಮೀಸಲಾದ ಅಂಗೈ ಅಗಲದ ಜಾಗ ಅದೊಂದೇ. ನಾಲ್ಕು ದಿನ ಅವನಿಗೆ ಊಟ ರುಚಿಸಲಿಲ್ಲ. ಬೆಳಗ್ಗೆ ಕಿಟಕಿಯಾಚೆ ಪಾರಿವಾಳ ಗುಟುರು ಹಾಕಿದರೆ ಸಾಕು, ಚಪ್ಪಲಿ ಎತ್ತಿಕೊಂಡು ಓಡುತ್ತಿದ್ದ.

ಅದಕ್ಕೇ ಈ ಮಂಗಳವಾರದ ಮಹಾ ಪ್ರತಿಜ್ಞೆ! ಕಚೇರಿಗೆ ಅರ್ಧ ದಿನ ರಜೆ ಹಾಕಿ ಮಧ್ಯಾಹ್ನಕ್ಕೇ ಮನೆಗೆ ಬಂದ. ಆ ವರ್ಷಗಳಲ್ಲಿ ಹೊಸ ಪಟ್ಟಿಯನ್ನು ಮಂಗಳವಾರ ಮಧ್ಯಾಹ್ನ ರೇಡಿಯೋದಲ್ಲಿ ಹೇಳುತ್ತಿದ್ದರು. ಕೇಳಿ, ಗೀಚಿಕೊಂಡು, ಸಂಜೆಯೊಳಗೆ ಪತ್ರಿಕೆಗೆ ಫೋನು ಮಾಡಿ ಒದರಬೇಕು. ಆ ಕಡೆ ಮಿಸೆಸ್ ಆರ್ಮರಾಡ್ ಎಂಬಾಕೆ ಕಿವಿಗೆ ಫೋನಿನ ಯಂತ್ರ ಸಿಕ್ಕಿಸಿಕೊಂಡು ಕೇಳಿದ್ದನ್ನು ಕೇಳಿದ ಹಾಗೆ ಟೈಪ್ ಮಾಡುತ್ತಿದ್ದಳು. ಫುಟ್‌ಬಾಲ್ ಫಲಿತಾಂಶ, ಕೊಲೆ, ಮೇಯರ್ ಭಾಷಣ, ಮರಣವಾರ್ತೆ, ಎಲ್ಲಕ್ಕೂ ಅವಳದು ಒಂದೇ ವೇಗ, ಒಂದೇ ಆಕಳಿಕೆ.

ಅಡುಗೆಮನೆಯಲ್ಲಿ ಒಗೆಯುವ ಯಂತ್ರ ಗುಡುಗುತ್ತಿತ್ತು. ನೆವಿಲ್ ರೇಡಿಯೋ ಹಚ್ಚಿದರೆ ಬರೀ ಕರಕರ ಸದ್ದು. ಸಿಂಕಿನ ಮೂಲೆಯಲ್ಲಿ ಕಿಟಕಿಗೆ ತಾಗಿಸಿ ಇಟ್ಟರೆ ಮಾತ್ರ ಅದು ಸರಿಯಾಗಿ ಹಿಡಿಯುತ್ತಿತ್ತು. ಆದರೆ ಆ ಜಾಗದಲ್ಲಿ ಯಂತ್ರದ ಕೊಳಕು ನೀರು ಸುರಿಯುವ ರಬ್ಬರ್ ಕೊಳವೆ ಸಿಂಕಿನ ಅಂಚಿಗೆ ಕೊಕ್ಕೆ ಹಾಕಿಕೊಂಡು ಕೂತಿತ್ತು. ನೆವಿಲ್ ಅದನ್ನು ಬಿಡಿಸಿ ಕೆಳಗೆ ಹಾಕಿದ. ಊರಿಗೆಲ್ಲ ನೀರು ಕೊಡುವ ಕಚೇರಿಯಲ್ಲಿ ಇಪ್ಪತ್ತು ವರ್ಷ ಸವೆಸಿದ ಮನುಷ್ಯನಿಗೆ, ಕೊಳವೆ ಕೆಳಗಿದ್ದರೆ ನೀರೂ ಕೆಳಗೇ ಬರುತ್ತದೆ ಎಂಬುದು ಹೊಳೆಯಲಿಲ್ಲ!

ಪಟ್ಟಿ ಕೇಳುತ್ತ ಹೋದಂತೆ ಅವನ ಮುಖ ಬಾಡಿತು. ಹತ್ತನೇ ಸ್ಥಾನದಲ್ಲಿ 'ನನ್ನ ಫ್ರಿಜ್ಜಿಗೆ ಜ್ವರ'. ಒಂಬತ್ತರಲ್ಲಿ 'ಊ ಊ ಚಮಚ'. ಒಂದನೇ ಸ್ಥಾನದಲ್ಲಿ ಈ ವಾರವೂ ಬಾತುಕೋಳಿಯ ದನಿಯಲ್ಲಿ ಹಾಡುವ ಆ ಅಂಚೆಯವನು! ದೇಶಕ್ಕೆ ಏನಾಗಿದೆ? ಜನ ದುಡಿದ ಹಣ ಕೊಟ್ಟು ಇದನ್ನು ಕೊಳ್ಳುತ್ತಾರಲ್ಲ! ನೆವಿಲ್‌ಗೆ ನಿಜವಾಗಿಯೂ ಅಳು ಬಂದಂತಾಯಿತು. ಆದರೆ ಅಳುವಷ್ಟು ಸಮಯವಿರಲಿಲ್ಲ. ಪೆನ್ಸಿಲ್ ಮುರಿಯುವಷ್ಟು ಒತ್ತಿ ಬರೆದು ಹಜಾರಕ್ಕೆ ಓಡಿ ಮೆಟ್ಟಿಲ ಬುಡದಲ್ಲಿದ್ದ ಫೋನು ಎತ್ತಿದ. ಅದರ ತಂತಿ ಗಿಡ್ಡ. ನಿಂತರೆ ಕಿವಿಗೆ ಬರುತ್ತಿರಲಿಲ್ಲ, ಕೂತರೆ ಕೊಡೆ ನಿಲ್ಲಿಸುವ ಸ್ಟ್ಯಾಂಡು ಬೆನ್ನಿಗೆ ಚುಚ್ಚುತ್ತಿತ್ತು.

"ಹೇಳು ರಾಜಾ," ಎಂದಳು ಮಿಸೆಸ್ ಆರ್ಮರಾಡ್. ಊರಿನ ಎಲ್ಲ ಗಂಡಸರೂ ಅವಳಿಗೆ ರಾಜರೇ.

"ಸೂಜಿ ಮಾತಾಡ್ತಿರೋದು. ಹತ್ತನೇ ಸ್ಥಾನ. 'ನನ್ನ ಫ್ರಿಜ್ಜಿಗೆ ಜ್ವರ' ಕಾಮಾ ಹಾಡಿದವರಿಗೂ ಅದೇ ಇರಬೇಕು ಫುಲ್‌ಸ್ಟಾಪ್. ಮುಖಕ್ಕೆ ಸುಣ್ಣ ಬಳಿದುಕೊಂಡ ನಾಲ್ಕು ಅಸ್ಥಿಪಂಜರಗಳು ಪಿಯಾನೋವನ್ನು ಮೆಟ್ಟಿಲಿಂದ ಉರುಳಿಸುವುದಕ್ಕೆ ಸಂಗೀತ ಎಂದು ಹೆಸರಿಟ್ಟಿವೆ ಉದ್ಗಾರ ಚಿಹ್ನೆ!"

ಟಕಟಕ ಟಕಟಕ. "ಇನ್ನೂ ಬಹಳ ಇದೆಯಾ ರಾಜಾ?"

ನೆವಿಲ್ ಅವಮಾನ ನುಂಗಿಕೊಂಡು ಮುಂದುವರಿದ. ಒಂಬತ್ತು ಕೊಂದ. ಎಂಟು ಕೊಂದ. ಏಳನ್ನು ತುಂಡು ತುಂಡು ಮಾಡಿ ಉಪ್ಪು ಸವರಿದ. ರಕ್ತದ ರುಚಿ ಹತ್ತಿತು!

"ಆರನೇ ಸ್ಥಾನ. ಒಂದೇ ನೆಗೆತಕ್ಕೆ ಹದಿನೇಳರಿಂದ ಮೇಲೆ ಬಂದಿದೆ. ಹಾಡಿನ ಹೆಸರು..."

"ಅಡುಗೆಮನೆ ತುಂಬ ನೀರೂ!" ಎಂದು ಒಳಗಿನಿಂದ ಕೂಗು ಎದ್ದಿತು. "ಅಯ್ಯೋ, ಅಡುಗೆಮನೆ ತುಂಬ ನೀರೂ!"

"ಏವ್ರಿಲ್!" ಎಂದು ನೆವಿಲ್ ಗದರಿದ. ಫೋನಿನ ಬಾಯಿಗೆ ಕೈ ಅಡ್ಡ ಇಡಬೇಕೆಂಬುದು ಅವನಿಗೆ ನೆನಪಾಗಲಿಲ್ಲ. "ಅದೇ ರಾಗ! ಮದುವೆಯಾದಂದಿನಿಂದ ಅದೇ ಕೂಗು, ಅದೇ ದೂರು! ತಾಳ ಇಲ್ಲ, ತಲೆಬುಡ ಇಲ್ಲ. ಒಂದು ವಾರ ಈ ದನಿ ಕೇಳದೆ ಇದ್ದರೆ ಸ್ವರ್ಗ!"

ಆ ಕಡೆ ಟಕಟಕ ಟಕಟಕ.

"ಕ್ಷಮಿಸಿ," ಎಂದ ನೆವಿಲ್ ಫೋನಿಗೆ. "ಎಲ್ಲಿದ್ದೆ ನಾನು?"

"ಆರು ಮುಗೀತು ರಾಜಾ. ಐದು ಹೇಳು."

ಮುಗೀತಾ? ಮುಗಿದಿರಬೇಕು. ನೆವಿಲ್ ಬೆವರು ಒರೆಸಿಕೊಂಡ. "ಐದನೇ ಸ್ಥಾನ. ಈ ವಾರದ ಹೊಸ ಪ್ರವೇಶ. ಓದುಗರೇ ಕಾಮಾ ಕೇಳಿ..."

ಹಜಾರದ ಬಾಗಿಲು ತೆರೆದುಕೊಂಡಿತು. ಅದರ ಸಂದಿಯಿಂದ ನೊರೆಭರಿತ ನೀರು ಒಳಬಂದು ನೆವಿಲ್‌ನ ಕಾಲ್ಚೀಲ ಮುಟ್ಟಿತು. ನೀರಿನ ಮೇಲೆ ಉಣ್ಣೆ ಕುಚ್ಚಿನ ಒಂಟಿ ಚಪ್ಪಲಿ ಗಂಭೀರವಾಗಿ ತೇಲಿಬಂತು. ಅದರ ಹಿಂದೆ, ಊರುಗೋಲು ಎತ್ತಿ ಹಿಡಿದ ಅವನ ಅತ್ತೆ ವಿನಿಫ್ರೆಡ್.

"ತೇಲಿ ಹೋಯ್ತು ನನ್ನ ಚಪ್ಪಲಿ! ಹಿಡೀರೋ! ತೇಲಿ ಹೋಯ್ತು ನನ್ನ ಚಪ್ಪಲಿ!"

"ಯಾರದು?" ಎಂದಳು ಮಿಸೆಸ್ ಆರ್ಮರಾಡ್.

"ಇನ್ಯಾರು? ವಿನಿಫ್ರೆಡ್ ಹಾರ್ಗ್ರೀವ್ಸ್!" ನೆವಿಲ್ ಹಲ್ಲು ಕಚ್ಚಿ ಅರಚಿದ. "ಎಂಬತ್ತು ಹತ್ತಿರ ಬಂದರೂ ಏನು ಗಂಟಲಪ್ಪ! ಗೋಡೆ ನಡುಗಿತು! ಇಂಥ ಕಂಠ ಈ ಶತಮಾನದಲ್ಲಿ ಇನ್ನೊಂದಿಲ್ಲ!"

ಟಕಟಕ. "ನಾಲ್ಕು ಹೇಳು ರಾಜಾ. ಬೇಗ, ಇನ್ನೊಬ್ಬರು ಕಾಯ್ತಿದಾರೆ."

ನೀರಲ್ಲಿ ಕಾಲು ನೆನೆಸಿಕೊಂಡು, ಬಗಲಲ್ಲಿ ಅತ್ತೆಯ ಚಪ್ಪಲಿ ಹಿಡಿದುಕೊಂಡು, ನೆವಿಲ್ ಉಳಿದ ನಾಲ್ಕನ್ನೂ ಕೊಂದು ಮುಗಿಸಿದ. ಆಮೇಲೆ ಸಂಜೆಯವರೆಗೂ ನೆಲ ಒರೆಸಿದ. ಕೊಳವೆ ಬಿಡಿಸಿದ್ದು ಯಾರು ಎಂದು ಏವ್ರಿಲ್ ಕೇಳಿದಾಗ, ನೀರಿನ ಒತ್ತಡ, ಪೈಪಿನ ವ್ಯಾಸ ಎಂದು ಏನೇನೋ ಶಾಸ್ತ್ರ ಹೇಳಿ ತಪ್ಪಿಸಿಕೊಂಡ.

ಬುಧವಾರ ಸಂಜೆ ಪತ್ರಿಕೆ ಬಾಗಿಲ ಕಂಡಿಯಿಂದ ಬಿತ್ತು. ಮೊದಲು ಎತ್ತಿಕೊಂಡವರು ಅತ್ತೆ. ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿ ಓದತೊಡಗಿದರು.

"'ಐದನೇ ಸ್ಥಾನ, ಹೊಸ ಪ್ರವೇಶ: ತೇಲಿ ಹೋಯ್ತು ನನ್ನ ಚಪ್ಪಲಿ. ಗಾಯನ: ವಿನಿಫ್ರೆಡ್ ಹಾರ್ಗ್ರೀವ್ಸ್. ಎಂಬತ್ತು ಹತ್ತಿರ ಬಂದರೂ ಏನು ಗಂಟಲು! ಇಂಥ ಕಂಠ ಈ ಶತಮಾನದಲ್ಲಿ ಇನ್ನೊಂದಿಲ್ಲ!' ಅಯ್ಯೋ ಅಳಿಯಾ, ನನ್ನ ಬಗ್ಗೆ ನಿನಗೆ ಇಷ್ಟು ಅಭಿಮಾನ ಇದೆ ಅಂತ ಗೊತ್ತೇ ಇರಲಿಲ್ಲ!"

ನೆವಿಲ್ ಪತ್ರಿಕೆ ಕಿತ್ತುಕೊಳ್ಳಲು ಕೈ ಚಾಚಿದ.

ಏವ್ರಿಲ್ ಬಂದು ಅಮ್ಮನ ಹೆಗಲ ಮೇಲಿಂದ ಬಗ್ಗಿ ನೋಡಿದಳು. ಅವಳು ಗಟ್ಟಿಯಾಗಿ ಓದಲಿಲ್ಲ. ತುಟಿ ಮಾತ್ರ ಅಲ್ಲಾಡಿತು. ಆರನೇ ಸ್ಥಾನ: ಅಡುಗೆಮನೆ ತುಂಬ ನೀರು. ಗಾಯನ: ಏವ್ರಿಲ್. ಅದೇ ರಾಗ, ಅದೇ ದೂರು. ತಾಳ ಇಲ್ಲ, ತಲೆಬುಡ ಇಲ್ಲ. ಒಂದು ವಾರ ಈ ದನಿ ಕೇಳದೆ ಇದ್ದರೆ ಸ್ವರ್ಗ.

"ಏವ್ರಿಲ್, ಅದು ಆ ಟೈಪ್ ಮಾಡೋಳು... ಅವಳು ಹಾಡು ಅಂದುಕೊಂಡು..."

"ನಾನು ಆರು," ಎಂದಳು ಏವ್ರಿಲ್.

"ಏನು?"

"ನನ್ನದೇ ಮನೇಲಿ ನಾನು ಆರನೇ ಸ್ಥಾನ. ನಮ್ಮಮ್ಮ ಐದು. ಬಾತುಕೋಳಿ ಥರ ಕೂಗೋ ಅಂಚೆಯವನು ಒಂದು. ಆಗಲಿ. ಒಂದು ವಾರ ನನ್ನ ದನಿ ಕೇಳದೆ ಇದ್ದರೆ ಸ್ವರ್ಗ ಅಂದ್ಯಲ್ಲ ನೆವಿಲ್? ತಗೋ ಸ್ವರ್ಗ."

ಅಷ್ಟೇ. ಅವಳ ಬಾಯಿ ಮುಚ್ಚಿತು.

ಗುರುವಾರ ಮಧ್ಯಾಹ್ನ ಕಚೇರಿಗೆ ಶಟಲ್‌ವರ್ತ್ ಫೋನು ಮಾಡಿದರು. ನೆವಿಲ್ ರಾಜೀನಾಮೆಯ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡು ಫೋನು ಎತ್ತಿದ.

"ನೆವಿಲ್! ಕಾಗದ ಬಂದಿದೆ ಮಾರಾಯ! ಒಂದಲ್ಲ, ಚೀಲ! ಹಾಡಿನ ತಟ್ಟೆ ಮಾರೋ ಬ್ರಿಂಡಲ್ ಅಂಗಡಿ ಮುಂದೆ ಹುಡುಗಿಯರು ಸಾಲು ನಿಂತಿದಾರಂತೆ, 'ಅಡುಗೆಮನೆ ತುಂಬ ನೀರು' ತಟ್ಟೆ ಕೊಡಿ ಅಂತ! ಆ ಬ್ರಿಂಡಲ್, 'ಮುಗಿದುಹೋಯ್ತು, ಸೋಮವಾರ ಬರುತ್ತೆ' ಅಂತ ಹೇಳಿ ಮುಂಗಡ ಬೇರೆ ತಗೊಳ್ತಿದಾನೆ. ಯಾರಯ್ಯ ಈ ಏವ್ರಿಲ್?"

"ಸಾರ್, ಅದು ಹಾಡಲ್ಲ. ಅದು ನನ್ನ..."

"ಹಾಡಲ್ಲ ಅಂತ ನೀನು ಬರೆದಿದ್ದೀಯಲ್ಲ, ಅದಕ್ಕೇ ಜನ ಕೆರಳಿರೋದು! ಆ ಹುಡುಗಿಗೆ ಹಾಗೆ ಬೈತೀಯಾ, ನಿನಗೆ ಹೃದಯ ಇಲ್ವಾ ಅಂತ ಬರೆದಿದಾರೆ. ಅದ್ಭುತ! ಮುಂದಿನ ವಾರವೂ ಅವಳು ಇರಬೇಕು. ಅವಳಿದ್ದರೆ ಅಂಕಣ ನಿನ್ನದು. ಅವಳಿಲ್ಲದಿದ್ದರೆ ನಾನು ಪಾರಿವಾಳದವರಿಗೆ ಹೇಳಿ ಆಗಿದೆ."

ಹನ್ನೊಂದು ವರ್ಷ ಉಪಮೆ ಹೆಕ್ಕಿ ಹೆಕ್ಕಿ ಬರೆದದ್ದಕ್ಕೆ ಒಂದು ಕಾಗದ, ಅದೂ ಹೊಲಿಗೆಯದು. ಹೆಂಡತಿಯ ಒಂದು ಕೂಗಿಗೆ ಒಂದು ಚೀಲ! ನೆವಿಲ್ ನೀರಿನ ದೂರುಗಳ ಕಟ್ಟಿನ ಮೇಲೆ ತಲೆಯಿಟ್ಟ.

ಮನೆಯಲ್ಲಿ ಸ್ವರ್ಗ ಮುಂದುವರಿದಿತ್ತು. ಏವ್ರಿಲ್ ಮುಖ ಗಂಟಿಕ್ಕಲಿಲ್ಲ, ಪಾತ್ರೆ ಕುಕ್ಕಲಿಲ್ಲ. ನಗುನಗುತ್ತ ಬಾಗಿಲು ತೆರೆದಳು, ನಗುನಗುತ್ತ ಟೀ ಕೊಟ್ಟಳು. ಒಂದಕ್ಷರ ಆಡಲಿಲ್ಲ. ಅವಳ ನಾಲಿಗೆ ವಿಶ್ರಾಂತಿ ಪಡೆಯುತ್ತಿತ್ತು. ನೆವಿಲ್‌ನ ತಟ್ಟೆಗೆ ಮಾತ್ರ ದಿನವೂ ಬ್ರೆಡ್ಡಿನ ಮಧ್ಯೆ ಬೇಯಿಸಿ ತಣಿಸಿದ ಎತ್ತಿನ ನಾಲಿಗೆಯ ಮಾಂಸ ಬೀಳುತ್ತಿತ್ತು. ಅದನ್ನು ಅಗಿಯುವಾಗಲೆಲ್ಲ ಅವನಿಗೆ ಯಾರೋ ತನ್ನನ್ನು ಬೈಯುತ್ತಿರುವ ಹಾಗೆ ಅನ್ನಿಸುತ್ತಿತ್ತು.

ಮನೆಯ ಮಾತನ್ನೆಲ್ಲ ಈಗ ಅತ್ತೆಯೇ ಆಡುತ್ತಿದ್ದರು. ಬಿಂಗೋ ಆಟಕ್ಕೆ ಹೋದಲ್ಲಿ ಪತ್ರಿಕೆಯ ತುಣುಕನ್ನು ಎಲ್ಲರ ಕೈಗೂ ಕೊಟ್ಟು ತೋರಿಸಿದ್ದರು. ಗಂಟಲಿಗೆ ಉಣ್ಣೆ ಪಟ್ಟಿ ಸುತ್ತಿಕೊಂಡು, "ಮೊಟ್ಟೆ ಹಸಿಯಾಗೇ ಕೊಡಿ, ಕಂಠಕ್ಕೆ ಒಳ್ಳೇದು," ಎನ್ನುತ್ತಿದ್ದರು. "ಅಳಿಯಾ, ಮುಂದಿನ ವಾರ ನಾನು ನಾಲ್ಕಕ್ಕೆ ಹೋಗ್ತೀನಾ?" ಎಂದು ದಿನಕ್ಕೆರಡು ಬಾರಿ ಕೇಳುತ್ತಿದ್ದರು. ಆ ಮಾತು ಬಂದಾಗಲೆಲ್ಲ ಏವ್ರಿಲ್ ಅಮ್ಮನ ಕಡೆ ನೋಡಿ, ಆಮೇಲೆ ನೆವಿಲ್ ಕಡೆ ನೋಡಿ, ಇನ್ನೂ ಸ್ವಲ್ಪ ಅಗಲವಾಗಿ ನಗುತ್ತಿದ್ದಳು. ಆ ನಗು ಕಂಡರೆ ನೆವಿಲ್ ಎದ್ದು ಹಜಾರಕ್ಕೆ ಹೋಗಿಬಿಡುತ್ತಿದ್ದ.

ಮಂಗಳವಾರ ಬಂತು. ಪಟ್ಟಿ ಬಂತು. ಬಾತುಕೋಳಿ ಅಂಚೆಯವನು ಅಲ್ಲಾಡಿರಲಿಲ್ಲ. ನೆವಿಲ್ ಅಡುಗೆಮನೆಗೆ ಹೋಗಿ ಕಳ್ಳನಂತೆ ಅತ್ತಿತ್ತ ನೋಡಿ, ತುಂಬಿದ ಬಕೆಟ್ಟನ್ನು ನೆಲಕ್ಕೆ ಮಗುಚಿದ. ಆಮೇಲೆ ಹಜಾರಕ್ಕೆ ಓಡಿ ಫೋನು ಹಚ್ಚಿ, ಕೂಗು ಏಳಲಿ ಎಂದು ಕಿವಿ ನಿಮಿರಿಸಿ ಕಾದ. ಏವ್ರಿಲ್ ಬಂದಳು. ನೀರು ನೋಡಿದಳು. ಮೂಲೆಯಲ್ಲಿದ್ದ ರಬ್ಬರ್ ಬೂಟು ಹಾಕಿಕೊಂಡು ಅದರಲ್ಲೇ ಪಚಪಚ ನಡೆದು ಆಲೂಗಡ್ಡೆ ಸುಲಿಯಲು ಕೂತಳು.

"ಹೇಳು ರಾಜಾ," ಎಂದಳು ಮಿಸೆಸ್ ಆರ್ಮರಾಡ್. ಆಮೇಲೆ ಎಂದೂ ಇಲ್ಲದ ಕುತೂಹಲದಿಂದ, "ಈ ವಾರ ಅವಳಿದಾಳಾ?"

"ಒಂದು ನಿಮಿಷ." ನೆವಿಲ್ ಫೋನನ್ನು ಮೆಟ್ಟಿಲ ಮೇಲಿಟ್ಟು ಅಡುಗೆಮನೆ ಬಾಗಿಲಿಗೆ ಬಂದ. "ಏವ್ರಿಲ್, ಏನಾದರೂ ಬೈಯೇ. ನೀರು ಚೆಲ್ಲಿದ್ದು ನಾನೇ. ಹೋದ ವಾರ ಕೊಳವೆ ಬಿಡಿಸಿದ್ದೂ ನಾನೇ. ಪೈಪಿನ ವ್ಯಾಸ ಅಂದದ್ದೆಲ್ಲ ಸುಳ್ಳು. ನಿನಗೆ ಕೈ ಮುಗೀತೀನಿ, ಒಂದು ಸಲ ಕೂಗು!"

ಏವ್ರಿಲ್ ಆಲೂಗಡ್ಡೆಯ ಕಣ್ಣು ಕಿತ್ತಳು.

"ಆ ಅಂಕಣ ಹೋದರೆ ನನಗೆ ಇನ್ನೇನಿದೆ ಹೇಳು? ಕಚೇರಿಯಲ್ಲಿ ಯಾರೂ ನನ್ನ ಮಾತು ಕೇಳಲ್ಲ..." ನೆವಿಲ್ ಕಾಲ್ಚೀಲದಲ್ಲೇ ಆ ನೀರಿಗೆ ಇಳಿದ. "ಇಡೀ ವಾರ ಮನೆ ಸತ್ತ ಹಾಗಿದೆ ಏವ್ರಿಲ್. ಎಲ್ಲಿ ಹೋದರೂ ಆ ಬಾತುಕೋಳಿ ಹಾಡೇ ಕೇಳಿಸ್ತು. ನಿನ್ನ ದನಿಯೊಂದು ಬಿಟ್ಟು ಎಲ್ಲ ಕೇಳಿಸ್ತು. ಇದು ಸ್ವರ್ಗ ಅಲ್ಲ. ನನಗೆ ತಡಿಯೋಕ್ಕಾಗ್ತಿಲ್ಲ."

ಚಾಕು ನಿಂತಿತು. ಏವ್ರಿಲ್ ಎದ್ದು, ಕೈ ಒರೆಸಿಕೊಂಡು, ಬೂಟುಗಾಲಲ್ಲೇ ಹಜಾರಕ್ಕೆ ನಡೆದಳು. ಅವನ ಕೈಯಲ್ಲಿದ್ದ ಪಟ್ಟಿಯ ಚೀಟಿ ಕಿತ್ತುಕೊಂಡು, ಫೋನು ಎತ್ತಿ, ಗಂಟಲು ಸರಿಮಾಡಿಕೊಂಡಳು.

"ಬರ್ಕೊಳಮ್ಮ. ನಾನು ಏವ್ರಿಲ್."

ಆ ಕಡೆಯಿಂದ ಸಣ್ಣ ಚೀತ್ಕಾರ ಕೇಳಿಸಿತು.

"ಹತ್ತನೇ ಸ್ಥಾನ, ಆ ಜ್ವರದ ಹುಡುಗರು. ಹಾಡು ಹೋಗ್ಲಿ, ಆ ಮಕ್ಕಳಿಗೆ ಯಾರಾದ್ರೂ ಬಿಸಿ ಬಿಸಿ ಊಟ ಹಾಕಿ, ಮುಖ ತೊಳ್ಸಿ. ಒಂಬತ್ತು, ಚಮಚದ ಹಾಡು. ಪಾತ್ರೆ ತೊಳೆಯೋವಾಗ ಚೆನ್ನಾಗಿದೆ, ಬೇರೆ ಹೊತ್ತಲ್ಲಿ ಬೇಡ. ಎಂಟು, ಈ ಹೆಂಗಸು ಅವನನ್ನ ಬಿಟ್ಟು ಹೋಗ್ತೀನಿ ಅಂತ ಮೂರು ತಿಂಗಳಿಂದ ಹಾಡ್ತಿದಾಳೆ. ಹೋಗೇ ತಾಯಿ, ಬಸ್ಸು ತಪ್ಪುತ್ತೆ."

ಫೋನಿನೊಳಗಿಂದ ವಿಚಿತ್ರ ಸದ್ದು ಬಂತು. ಅದೇನೆಂದು ತಿಳಿಯಲು ನೆವಿಲ್‌ಗೆ ಸ್ವಲ್ಪ ಹೊತ್ತು ಬೇಕಾಯಿತು. ಮಿಸೆಸ್ ಆರ್ಮರಾಡ್ ನಗುತ್ತಿದ್ದಳು! ಹನ್ನೊಂದು ವರ್ಷದಲ್ಲಿ ಅವನು ಅವಳಿಂದ ಒಂದು ಕೆಮ್ಮನ್ನೂ ಹೊರಡಿಸಿರಲಿಲ್ಲ. ಏಳು, ಆರು, ಐದು ಎಂದು ಸಾಗುತ್ತ ಏವ್ರಿಲ್ ಎಲ್ಲೂ ತಡವರಿಸಲಿಲ್ಲ. ಅಮ್ಮನಿಗೆ ನಾಲ್ಕು ಕೊಡಲಿಲ್ಲ. "ಈ ವಾರ ಚಪ್ಪಲಿ ಒಣಗ್ತಿದೆ" ಎಂದು ಮುಗಿಸಿದಳು. ಒಂದನೇ ಸ್ಥಾನಕ್ಕೆ ಬಂದು, "ಬಾತುಕೋಳಿ ನಮ್ಮನೇಲಿ ಭಾನುವಾರದ ಊಟಕ್ಕೆ ಮಾತ್ರ" ಎಂದಳು. ನೆವಿಲ್ ಒದ್ದೆ ಕಾಲ್ಚೀಲದಲ್ಲಿ ಮೆಟ್ಟಿಲ ಮೇಲೆ ಕೂತ. ಚೆನ್ನಾಗಿತ್ತು. ಅಯ್ಯೋ ದೇವರೇ, ನಿಜವಾಗಿ ಚೆನ್ನಾಗಿತ್ತು! ತನ್ನ ಅಂಕಣ ಉಳಿಯಿತು ಎಂದು ಸಂತೋಷಪಡುವುದೋ, ಅದು ಇನ್ನು ತನ್ನದಲ್ಲ ಎಂದು ಅಳುವುದೋ ಅವನಿಗೆ ತಿಳಿಯಲಿಲ್ಲ.

"ಕೊನೇದಾಗಿ," ಎಂದಳು ಏವ್ರಿಲ್, ಅವನ ಕಡೆ ನೋಡುತ್ತ, "ಈ ವಾರ ಪಟ್ಟಿಯಿಂದ ಹೊರಗೆ ಬಿದ್ದವರು. ನೆವಿಲ್ ಎಂಟ್ವಿಸಲ್. ಬಹಳ ವರ್ಷ ಇದ್ದರು, ಪಾಪ."

ಟಕಟಕ ನಿಂತಿತು.

"ಎಂಟ್ವಿಸಲ್ಲಾ?" ಎಂದಳು ಮಿಸೆಸ್ ಆರ್ಮರಾಡ್. "ಹೆಸರೇ ಕೇಳಿಲ್ಲವಲ್ಲ ತಾಯಿ. ಅಕ್ಷರ ಬಿಡಿಸಿ ಹೇಳು."